ಅವಳಿಗೆ ಯಾವ ಮಾತ್ರೆ ಕೊಡಿಸಲಿ?

ರಾಣೆಬೆನ್ನೂರಿನ 26 ವರ್ಷದ ಓದುಗರು ಕೇಳಿದ್ದಾರೆ: ‘ಮದುವೆಯಾಗಿ ಆರು ತಿಂಗಳು. ಎರಡು ವರ್ಷ ಮಗು ಬೇಡ ಅಂತ ಇಬ್ಬರೂ ಮಾತಾಡಿಕೊಂಡಿದ್ದೇವೆ. ಮೆಡಿಕಲ್‌ ಶಾಪಿನಿಂದ 72 ಗಂಟೆಯ ಮಾತ್ರೆ ತಂದು ಕೊಡುತ್ತಿದ್ದೇನೆ. ಈಗ ಅವಳ ಮುಟ್ಟು ಏರುಪೇರಾಗಿದೆ. ಬೇರೆ ಒಳ್ಳೆ ಮಾತ್ರೆ ಇದೆಯಾ? ಕಾಂಡೋಮ್ ಅಂದ್ರೆ ಗೆಳೆಯರು ನಗ್ತಾರೆ. ಅದು ಹೊರಗೆ ಹೋಗೋರಿಗೆ ಅಂತಾರೆ.’

ಕೇಳಿದ್ದು ಒಳ್ಳೆಯದಾಯ್ತು. ಮೊದಲು, ಆ ಮಾತ್ರೆಯನ್ನು ಹೀಗೆ ಪದೇ ಪದೇ ಕೊಡುವುದನ್ನು ನಿಲ್ಲಿಸಿ. ಅದು ಕಾಂಡೋಮ್ ಹರಿದಾಗ, ಮುನ್ನೆಚ್ಚರಿಕೆ ತಪ್ಪಿದಾಗ ತೆಗೆದುಕೊಳ್ಳುವ ತುರ್ತು ಮಾತ್ರೆ. ದಿನನಿತ್ಯದ ಉಪಾಯಗಳಷ್ಟು ಭರವಸೆಯದಲ್ಲ. ಹಾರ್ಮೋನಿನ ದೊಡ್ಡ ಡೋಸ್ ಒಂದೇ ಸಲ ಹೊಟ್ಟೆಗೆ ಹೋಗುವುದರಿಂದ ಮುಟ್ಟು ಹಿಂದೆ ಮುಂದೆ ಆಗುತ್ತೆ. ಈಗ ತಡವಾಗಿದ್ದರೆ ಗರ್ಭದ ಪರೀಕ್ಷೆಯನ್ನೂ ಮಾಡಿಸಿ.

ನಿಮ್ಮ ಪತ್ರದಲ್ಲಿ ನನ್ನನ್ನು ಕಾಡಿದ್ದು ಬೇರೆ. ಮಗು ಬೇಡ ಅನ್ನುವುದು ಇಬ್ಬರ ತೀರ್ಮಾನ, ಮಾತ್ರೆ ಮಾತ್ರ ಹೆಂಡತಿಯ ಹೊಟ್ಟೆಗೆ! ಇದು ನಿಮ್ಮೊಬ್ಬರ ಯೋಚನೆಯೂ ಅಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಸುಮಾರು ಶೇ 35ರಷ್ಟು ಗಂಡಸರು, ಗರ್ಭ ತಡೆಯುವುದು ಹೆಂಗಸರ ವಿಷಯ, ನಾವು ತಲೆಕೆಡಿಸಿಕೊಳ್ಳಬೇಕಿಲ್ಲ ಎಂಬ ಮಾತನ್ನು ಒಪ್ಪಿದ್ದಾರೆ. ಅದೇ ಸಮೀಕ್ಷೆ ಪ್ರಕಾರ ಕರ್ನಾಟಕದ ವಿವಾಹಿತ ಹೆಂಗಸರಲ್ಲಿ ಶೇ 57ರಷ್ಟು ಜನ ಮಕ್ಕಳಾಗದಂತೆ ಆಪರೇಷನ್ ಮಾಡಿಸಿಕೊಂಡವರು. ಗಂಡಸರ ಲೆಕ್ಕ ಹತ್ತಿರಹತ್ತಿರ ಸೊನ್ನೆ. 1930ರಷ್ಟು ಹಿಂದೆಯೇ ಸರ್ಕಾರಿ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆದಿದ್ದ ಮೈಸೂರು ಸಂಸ್ಥಾನದ ನಾಡು ಇದು. ಬೇಜಾರಾಗುತ್ತೆ.

ಗೆಳೆಯರ ನಗುವಿಗೆ ಸೋಲಬೇಡಿ. ಹೆಂಡತಿ ಮೈಗೆ ತೊಂದರೆ ಬೇಡ ಅಂತ ಕಾಂಡೋಮ್ ಬಳಸುವ ಗಂಡನಲ್ಲಿ ನಗುವಂಥದ್ದು ಏನಿದೆ? ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಸಿಗುತ್ತೆ, ಆಶಾ ಕಾರ್ಯಕರ್ತೆಯರ ಹತ್ತಿರವೂ ಇರುತ್ತೆ. ಪೊಟ್ಟಣದ ಮೇಲಿನ ತಾರೀಖು ನೋಡಿ. ಪರ್ಸಿನಲ್ಲಿ, ಬೈಕಿನ ಡಿಕ್ಕಿಯಲ್ಲಿ ಇಟ್ಟರೆ ಬಿಸಿಗೆ ರಬ್ಬರ್ ಹಾಳಾಗುತ್ತೆ. ಹಲ್ಲಿನಿಂದ ಹರಿಯಬೇಡಿ. ತುದಿಯನ್ನು ಬೆರಳಲ್ಲಿ ಒತ್ತಿ, ಗಾಳಿ ಬಿಟ್ಟು, ಶುರುವಿನಿಂದಲೇ ಹಾಕಿಕೊಳ್ಳಿ. ಕೊಬ್ಬರಿ ಎಣ್ಣೆ, ವ್ಯಾಸಲೀನ್ ಸವರಲೇಬೇಡಿ, ಹರಿದುಹೋಗುತ್ತೆ. ಒಂದನ್ನು ಒಂದೇ ಸಲ. ‘ಹೊರಗೆ ತೆಗೆದರೆ ಸಾಕು’ ಅನ್ನುವ ಲೆಕ್ಕವನ್ನು ನಂಬಬೇಡಿ, ಅದು ಎಷ್ಟೋ ಸಲ ತಪ್ಪುತ್ತೆ.

ದಿನದ ಗುಳಿಗೆ, ಮೂರು ತಿಂಗಳಿಗೊಮ್ಮೆ ಹಾಕಿಸಿಕೊಳ್ಳುವ ಅಂತರಾ ಇಂಜೆಕ್ಷನ್, ಗರ್ಭಕೋಶದಲ್ಲಿ ಇಡುವ ಕಾಪರ್-ಟಿ ಕೂಡ ಇವೆ. ಯಾವುದು ಒಗ್ಗುತ್ತೆ ಅನ್ನುವುದನ್ನು ನಾನು ಪತ್ರದಲ್ಲಿ ಹೇಳಲಾರೆ. ಬಿಪಿ, ಮೈಗ್ರೇನ್ ಇದ್ದರೆ ಕೆಲವು ಗುಳಿಗೆ ಆಗಿಬರುವುದಿಲ್ಲ. ಡಾಕ್ಟರ್ ಹತ್ತಿರ ಇಬ್ಬರೂ ಹೋಗಿ. ನೀವು ಹೊರಗೆ ಬೆಂಚಿನಲ್ಲಿ ಕೂರಬೇಡಿ, ಹೆಂಡತಿ ಬೇಡ ಅನ್ನದಿದ್ದರೆ ಒಳಗೆ ಹೋಗಿ, ನಿಮ್ಮ ಪ್ರಶ್ನೆಗಳನ್ನೂ ಕೇಳಿ.