‘ಬೇಡ’ ಅನ್ನುವ ಬಟನ್ ಎಲ್ಲಿದೆ?

ಪ್ರಿಯ ಓದುಗರೇ,

ನಿಮ್ಮ ಪತ್ರ ತಲುಪಿತು. ನಾಲ್ಕು ಪುಟ, ಎರಡೂ ಬದಿ, ಅಲ್ಲಲ್ಲಿ ಕೆಂಪು ಶಾಯಿಯ ಅಡಿಗೆರೆ. ಇಷ್ಟು ಸಿಟ್ಟಿನಿಂದ ಒಬ್ಬರು ನಮ್ಮನ್ನು ಓದುತ್ತಾರೆ ಅಂದರೆ ಸಂಪಾದಕನಿಗೆ ಒಳಗೊಳಗೇ ಖುಷಿ.

ಉಳಿದ ಓದುಗರಿಗೆ ನಿಮ್ಮ ತಕರಾರು ಏನೆಂದು ಮೊದಲು ಹೇಳಿಬಿಡುತ್ತೇನೆ. ಕಳೆದ ಸಂಚಿಕೆಯ ಅಂಕಣದಲ್ಲಿ ನಾನು ಜಾಹೀರಾತಿನ ಗದ್ದಲ, ಮುಗಿಯದ ಸಿನಿಮಾ ಸರಣಿ, ಪ್ರಾರ್ಥನೆಯ ಆ್ಯಪ್ ಮೂರನ್ನೂ ಒಂದೇ ಉಸಿರಿನಲ್ಲಿ ಬೈದಿದ್ದೆ. ‘ದೇವರನ್ನೂ ರಿಮೋಟನ್ನೂ ಒಂದೇ ಸಾಲಿನಲ್ಲಿ ಕೂರಿಸಿದ್ದೀರಿ’ ಅಂತ ನಿಮ್ಮ ಆಕ್ಷೇಪ. ಜಗತ್ತಿನಲ್ಲಿ ಇಷ್ಟೊಂದು ಕಷ್ಟಗಳಿರುವಾಗ ಈ ಚಿಲ್ಲರೆ ಗೊಣಗಾಟಕ್ಕೆ ಎರಡು ಪುಟ ಯಾಕೆ ಅಂತ ಪ್ರಶ್ನೆ ಬೇರೆ.

ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ, ಅದು ಸುಲಭ. ಚಿಲ್ಲರೆ ಗೊಣಗಾಟ ಕೆಲವು ಸಲ ಕೆಲಸ ಮಾಡುತ್ತದೆ. ಟಿವಿಯನ್ನೇ ತೆಗೆದುಕೊಳ್ಳಿ. ರಾತ್ರಿ ಎಲ್ಲರೂ ಮಲಗಿದ್ದಾರೆ. ಪರದೆಯ ಮೇಲೆ ಇಬ್ಬರು ಪಿಸುಗುಡುತ್ತಿದ್ದಾರೆ. ಕೇಳಿಸುತ್ತಿಲ್ಲ ಅಂತ ಸದ್ದು ಏರಿಸುತ್ತೀರಿ. ತಟ್ಟನೆ ಸೋಪಿನ ಜಾಹೀರಾತು ಕಿರುಚುತ್ತದೆ. ದಿಂಬಿನ ಕೆಳಗೆ ಸೇರಿಕೊಂಡ ರಿಮೋಟ್ ತಡಕಾಡಿ ಸದ್ದು ಇಳಿಸುವಷ್ಟರಲ್ಲಿ ಮಗು ಎದ್ದಾಯಿತು. ಮತ್ತೆ ಕಥೆ ಶುರುವಾದಾಗ ಒಂದಕ್ಷರವೂ ಕೇಳಿಸುವುದಿಲ್ಲ.

ಟಿವಿಯವರ ಸಮರ್ಥನೆ ಏನಿತ್ತು ಗೊತ್ತಾ? ಜಾಹೀರಾತಿನ ಸದ್ದು ಗರಿಷ್ಠ ಮಿತಿ ದಾಟಿಲ್ಲ ಅಂತ. ಲೆಕ್ಕದಲ್ಲಿ ಅದು ನಿಜವೂ ಹೌದು. ಕಥೆಯಲ್ಲಿ ಪಿಸುಮಾತೂ ಇರುತ್ತದೆ, ಗುಂಡಿನ ಸದ್ದೂ ಇರುತ್ತದೆ. ಮಿತಿ ಮುಟ್ಟುವುದು ಆಗೊಮ್ಮೆ ಈಗೊಮ್ಮೆ. ಜಾಹೀರಾತು ಮಾಡುವವರು ಸಣ್ಣ ಸದ್ದನ್ನೆಲ್ಲ ಮೇಲಕ್ಕೆತ್ತಿ, ಮೊದಲಿಂದ ಕೊನೆಯವರೆಗೂ ಆ ಮಿತಿಯ ಅಂಚಿನಲ್ಲೇ ನಿಲ್ಲಿಸುತ್ತಿದ್ದರು. ಕಿವಿಗೆ ಜೋರು ಅನ್ನಿಸುವುದು ಅದು. ಹಾಗೆ ಅನ್ನಿಸುವ ಜೋರನ್ನೇ ಅಳೆಯುವ ಮಾನದಂಡವನ್ನು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 2006ರಲ್ಲಿ ತಂದಿತು. ಜನರ ದೂರು ಕೇಳಿ ಕೇಳಿ ಅಮೆರಿಕ 2010ರಲ್ಲಿ ಕಾನೂನು ಮಾಡಿತು: ಜಾಹೀರಾತು ಅದರ ಜೊತೆಗಿನ ಕಾರ್ಯಕ್ರಮಕ್ಕಿಂತ ಜೋರಾಗಿರಕೂಡದು. 2012ರ ಡಿಸೆಂಬರ್‌ನಿಂದ ಅದು ಜಾರಿಗೆ ಬಂತು. ಸ್ಟ್ರೀಮಿಂಗ್ ಅದರೊಳಗೆ ಸೇರಿರಲಿಲ್ಲ, ಅದು ಬೇರೆ ಕಥೆ. ಆದರೆ ಇಷ್ಟಾದರೂ ಆಗಿದ್ದು ನಿದ್ದೆಗೆಟ್ಟವರು ಬಾಯಿ ಬಿಟ್ಟಿದ್ದರಿಂದ.

ನೆಟ್‌ಫ್ಲಿಕ್ಸ್‌ನಲ್ಲೂ ಹೀಗೇ ಆಯಿತು. ಪೋಸ್ಟರ್ ಮೇಲೆ ಒಂದು ಕ್ಷಣ ನಿಂತರೆ ಸಾಕು, ಟ್ರೇಲರ್ ತಾನಾಗಿ ಅರಚಲು ಶುರುಮಾಡುತ್ತಿತ್ತು. ಜನ ವರ್ಷಗಟ್ಟಲೆ ಬೈದ ಮೇಲೆ, 2020ರ ಫೆಬ್ರವರಿಯಲ್ಲಿ ಅದನ್ನು ಆಫ್ ಮಾಡುವ ಆಯ್ಕೆ ಕೊಟ್ಟರು. ಬರೀ ಒಂದು ಟಿಕ್ ಗುರುತು! ಮೊದಲೇ ಕೊಡಬಹುದಿತ್ತು, ಅಲ್ವಾ?

ನನ್ನ ಜಗಳ ಇರುವುದು ಇಲ್ಲೇ. ಮಾರುವವರ ಮೇಲೆ ನನಗೆ ಸಿಟ್ಟಿಲ್ಲ, ಈ ಪತ್ರಿಕೆಯನ್ನೂ ಮಾರುತ್ತೇವೆ. ‘ಬೇಡ’ ಅನ್ನುವ ದಾರಿಯನ್ನು ಮುಚ್ಚಿದರೆ ಸಿಟ್ಟು. ಯಾವುದಾದರೂ ಆ್ಯಪ್‌ನ ಚಂದಾ ರದ್ದು ಮಾಡಲು ಹೊರಟು ನೋಡಿ. ಸೇರುವಾಗ ಒಂದೇ ಬಟನ್ ಇತ್ತು. ಬಿಡುವಾಗ ಸೆಟ್ಟಿಂಗ್ಸ್, ಅದರೊಳಗೆ ಖಾತೆ, ಅದರೊಳಗೆ ಯೋಜನೆ. ಕೊನೆಗೆ ಒಂದು ಪುಟ: ‘ಇಷ್ಟೆಲ್ಲ ಲಾಭ ಕಳೆದುಕೊಳ್ಳುತ್ತೀರಾ?’ ಕೆಳಗೆ ಅಂಗೈ ಅಗಲದ ಹಸಿರು ಬಟನ್, ‘ಮುಂದುವರಿಸುತ್ತೇನೆ’. ಅದರಡಿಯಲ್ಲಿ ಬೂದು ಬಣ್ಣದ ಇರುವೆ ಅಕ್ಷರ: ‘ಇಲ್ಲ, ಹಣ ಉಳಿಸುವುದು ನನಗಿಷ್ಟವಿಲ್ಲ’. ಹಣ ಉಳಿಸಲು ಹೊರಟವನ ಬಾಯಲ್ಲೇ ಇದನ್ನು ಹೇಳಿಸುತ್ತಾರೆ. ಇಂಥ ತಂತ್ರಗಳಿಗೆ ‘ಡಾರ್ಕ್ ಪ್ಯಾಟರ್ನ್’ ಅಂತ 2010ರಲ್ಲಿ ಹೆಸರಿಟ್ಟವರು ಹ್ಯಾರಿ ಬ್ರಿಗ್ನಲ್. ಅವರೂ ವೆಬ್ ಪುಟ, ಆ್ಯಪ್ ವಿನ್ಯಾಸ ಮಾಡುವ ಕಸುಬಿನವರೇ.

ಸಿನಿಮಾ ಸರಣಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಚೆನ್ನಾಗಿದ್ದರೆ ಎಂಟನೇ ಭಾಗವನ್ನೂ ನೋಡುತ್ತೇನೆ. ದುಡ್ಡು ಕೊಟ್ಟು ಕೂತ ಸಿನಿಮಾದ ಕೊನೆಯ ಕಾಲು ಗಂಟೆ ಮುಂದಿನ ಸಿನಿಮಾದ ಜಾಹೀರಾತಾದರೆ ಮಾತ್ರ ಮೈ ಉರಿಯುತ್ತದೆ. ನೋಡುವವರನ್ನು ಕೇಳದೆ ಅವರ ಪರವಾಗಿ ತೀರ್ಮಾನಿಸುವುದೇನೂ ಹೊಸ ಚಾಳಿಯಲ್ಲ. ಚಾರ್ಲ್ಸ್ ಡಗ್ಲಸ್ ಎಂಬ ಧ್ವನಿ ಎಂಜಿನಿಯರ್ 1950ರ ದಶಕದಲ್ಲೇ ಟಿವಿ ಹಾಸ್ಯ ಕಾರ್ಯಕ್ರಮಗಳಿಗಾಗಿ, ಕೀಲಿ ಒತ್ತಿದರೆ ಜನರ ನಗು ಕೇಳಿಸುವ ಪೆಟ್ಟಿಗೆ ಮಾಡಿದ್ದರು. ನಿಮಗೆ ನಗು ಬರಲಿ ಬಿಡಲಿ, ಪೆಟ್ಟಿಗೆ ನಿಮ್ಮ ಪರವಾಗಿ ನಕ್ಕುಬಿಡುತ್ತಿತ್ತು.

ಈಗ ದೇವರ ವಿಷಯ. ನಂಬಿಕೆಯ ಬಗ್ಗೆ ನಾನು ಒಂದು ಮಾತೂ ಆಡಿಲ್ಲ, ಆಡುವುದೂ ಇಲ್ಲ. ನಾನು ಬರೆದದ್ದು ಧ್ಯಾನದ ನಡುವೆ ‘ಪ್ರೀಮಿಯಂ ಆದರೆ ಅಡಚಣೆ ಇರುವುದಿಲ್ಲ’ ಅನ್ನುವ ಆ್ಯಪ್ ಬಗ್ಗೆ. ಅಡಚಣೆ ಮಾಡುತ್ತಿರುವುದು ಯಾರು ಸ್ವಾಮೀ? ಕಣ್ಣು ಮುಚ್ಚಿ ಕೂತವರಿಗೆ ಇದರಿಂದ ಎಷ್ಟು ನೋವಾಗಬಹುದು ಯೋಚಿಸಿ. ನಿಮ್ಮ ಸಿಟ್ಟು ನನ್ನ ಮೇಲೆ ತಿರುಗಿದ್ದು ನನಗೆ ಆಶ್ಚರ್ಯ.

ಪೂಜೆಯ ಜಾಗದಲ್ಲಿ ದುಡ್ಡು ಓಡಾಡುವುದು ತಪ್ಪು ಅಂತಲೂ ನಾನು ಹೇಳಿಲ್ಲ. ಒಂದನೇ ಶತಮಾನದಲ್ಲೇ ಅಲೆಕ್ಸಾಂಡ್ರಿಯಾದ ಹೀರೋ ಎಂಬ ಎಂಜಿನಿಯರ್ ದೇಗುಲಕ್ಕಾಗಿ ಪವಿತ್ರ ಜಲದ ಯಂತ್ರವೊಂದನ್ನು ವಿವರಿಸಿದ್ದ. ನಾಣ್ಯ ಹಾಕಿದರೆ ಅದು ಒಳಗಿನ ತಟ್ಟೆಯ ಮೇಲೆ ಬೀಳುತ್ತದೆ. ತೂಕಕ್ಕೆ ತಟ್ಟೆ ವಾಲಿ, ಸನ್ನೆಕೋಲು ಎದ್ದು, ನೀರಿನ ಬಾಯಿ ತೆರೆಯುತ್ತದೆ. ನಾಣ್ಯ ಜಾರಿ ಬಿದ್ದ ಕೂಡಲೇ ಬಾಯಿ ಮುಚ್ಚುತ್ತದೆ. ಆ ಯಂತ್ರದ ಮೇಲೆ ನನಗೆ ಯಾವ ದೂರೂ ಇಲ್ಲ. ಕೊಟ್ಟಷ್ಟಕ್ಕೆ ನೀರು, ಮುಂದಿನ ತಿಂಗಳು ಕೇಳದೆ ಇನ್ನೊಂದು ನಾಣ್ಯ ಕಿತ್ತುಕೊಳ್ಳುವುದಿಲ್ಲ.

ದೂರು ಇರುವುದು ‘ಇದನ್ನು ಹನ್ನೊಂದು ಜನಕ್ಕೆ ಕಳಿಸಿ, ಇಲ್ಲದಿದ್ದರೆ ಕೆಡುಕು’ ಅನ್ನುವ ಸಂದೇಶದ ಮೇಲೆ. 1935ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಇಂಥದ್ದೇ ಸರಪಳಿ ಪತ್ರ ಹಬ್ಬಿತ್ತು. ತಲೆಬರಹದಲ್ಲಿ ದೇವರಲ್ಲಿ ನಂಬಿಕೆಯ ಮಾತು, ಕೆಳಗೆ ಆರು ಹೆಸರು. ಮೊದಲ ಹೆಸರಿಗೆ ಹತ್ತು ಸೆಂಟ್ ಕಳಿಸಿ, ಆ ಹೆಸರು ಹೊಡೆದು, ಕೊನೆಯಲ್ಲಿ ನಿಮ್ಮ ಹೆಸರು ಸೇರಿಸಿ ಐವರಿಗೆ ಕಳಿಸಬೇಕು. ಯಾರೂ ಸರಪಳಿ ಕಡಿಯದಿದ್ದರೆ ನಿಮಗೆ 15,625 ನಾಣ್ಯ. ಅಂಚೆ ಕಚೇರಿ ಪತ್ರಗಳಲ್ಲಿ ಮುಳುಗಿಹೋಯಿತು. ಆಮೇಲೆ ಸೇರಿದವರಿಗೆ ಏನು ಸಿಕ್ಕಿತು ಅಂತ ಲೆಕ್ಕ ಹಾಕಲು ಕಷ್ಟವೇನಿಲ್ಲ. ಇಲ್ಲಿ ದೇವರ ಹೆಸರು ಬಂದದ್ದು ಯಾಕೆ ಗೊತ್ತೇ? ಆ ಹೆಸರಿಗೆ ‘ಬೇಡ’ ಅನ್ನಲು ಜನ ಹೆದರುತ್ತಾರೆ. ಬೂದು ಬಣ್ಣದ ಸಣ್ಣ ಅಕ್ಷರ ಮಾಡುವ ಕೆಲಸವನ್ನೇ ಇಲ್ಲಿ ಆ ಹೆದರಿಕೆ ಮಾಡುತ್ತದೆ. ಮೂರನ್ನೂ ಒಂದೇ ಅಂಕಣಕ್ಕೆ ತಂದದ್ದು ಇದಕ್ಕೇ.

ಭಕ್ತಿಯ ಪರವಾಗಿ ವ್ಯಾಪಾರದ ವಿರುದ್ಧ ಎದ್ದವರಲ್ಲಿ ಬಹಳ ಜನ ಭಕ್ತರೇ. ಯೇಸು ದೇವಾಲಯದಲ್ಲಿ ನಾಣ್ಯ ಬದಲಿಸುವವರ ಮೇಜು ಉರುಳಿಸಿದ್ದು ಬೈಬಲಿನ ಮೂರು ಸುವಾರ್ತೆಗಳಲ್ಲಿದೆ. ಚರ್ಚಿನ ಹೆಸರಲ್ಲಿ ಪಾಪಕ್ಕೆ ರಿಯಾಯಿತಿ ಪತ್ರ ಮಾರುವುದನ್ನು 1517ರಲ್ಲಿ ಪ್ರಶ್ನಿಸಿದ ಮಾರ್ಟಿನ್ ಲೂಥರ್ ಒಬ್ಬ ಕ್ರೈಸ್ತ ಸನ್ಯಾಸಿ. ನನ್ನನ್ನು ಅವರ ಪಕ್ಕ ಕೂರಿಸಿ ಅಂತ ಕೇಳುತ್ತಿಲ್ಲ. ನಾನು ಸುಮ್ನೆ ಅಂಕಣ ಬರೆಯುವವನು.

ಇನ್ನು ನಿಮ್ಮ ಪತ್ರದ ಕೊನೆಯ ಸಾಲು: ‘ಹೀಗೇ ಬರೆದರೆ ಚಂದಾ ನಿಲ್ಲಿಸುತ್ತೇನೆ’. ನಿಲ್ಲಿಸಬಹುದು. ಒಂದು ಕಾರ್ಡಿನಲ್ಲಿ ‘ಬೇಡ’ ಅಂತ ಬರೆದು, ಹೆಸರು ಮತ್ತು ಚಂದಾ ಸಂಖ್ಯೆ ಹಾಕಿದರೆ ಸಾಕು. ಕಾರಣ ಕೇಳುವುದಿಲ್ಲ, ಫೋನ್ ಮಾಡಿ ಕಾಡುವುದಿಲ್ಲ. ಉಳಿದ ತಿಂಗಳುಗಳ ಹಣ ಲೆಕ್ಕ ಹಾಕಿ ವಾಪಸ್ ಬರುತ್ತದೆ.

— ಸಂಪಾದಕ