ಎದೆ ಡವಡವ ಅಂದ್ರೆ ಭಯಾನೇನಾ?

‘ಪರೀಕ್ಷೆ ಹತ್ತಿರ ಬಂದರೆ ಎದೆ ಡವಡವ ಅನ್ನುತ್ತೆ. ರಾತ್ರಿ ನಿದ್ದೆ ಇಲ್ಲ. ಗೆಳತಿ ದಿನಾ ವಾಕಿಂಗ್ ಹೋಗು ಅಂತಾಳೆ. ಹಾಸ್ಟೆಲಿನ ಮೆಟ್ಟಿಲು ಹತ್ತಿದರೂ ಎದೆ ಹಾಗೇ ಬಡಿದುಕೊಳ್ಳುತ್ತೆ, ಹೆದರಿ ಕೂತುಬಿಡ್ತೀನಿ. ನಡೆದರೆ ಮನಸ್ಸಿನ ಭಯ ಹೋಗುತ್ತಾ ಸರ್?’
– ಬಿ.ಎಸ್ಸಿ. ಎರಡನೇ ವರ್ಷದ ವಿದ್ಯಾರ್ಥಿನಿ, ಕಲಬುರಗಿ

ತಂಗಿ, ನಿನ್ನ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಮೆಟ್ಟಿಲು. ಭಯವಾದಾಗ ಮೈಯಲ್ಲಿ ಅಡ್ರಿನಲಿನ್ ಅನ್ನೋ ಹಾರ್ಮೋನು ಏರುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಉಸಿರು ಬಿರುಸಾಗುತ್ತದೆ, ಅಂಗೈ ಬೆವರುತ್ತದೆ. ಜೋರಾಗಿ ನಡೆದಾಗ ಆಗುವುದೂ ಹೆಚ್ಚುಕಡಿಮೆ ಇದೇ. ನೀನು ಅದನ್ನೂ ಭಯ ಅಂದುಕೊಂಡು ಕೂತುಬಿಡುತ್ತೀ. ಕೂತಷ್ಟೂ ಹೆದರಿಕೆ ಗಟ್ಟಿಯಾಗುತ್ತದೆ. ದಿನಾ ನಡೆದರೆ ಮೈಗೇ ಗೊತ್ತಾಗುತ್ತದೆ: ಎದೆ ಬಡಿದುಕೊಂಡಿತು, ನಿಂತು ಸುಧಾರಿಸಿಕೊಂಡರೆ ತಣ್ಣಗಾಯಿತು, ಏನೂ ಆಗಲಿಲ್ಲ.

ಮೊದಲು ಒಮ್ಮೆ ಡಾಕ್ಟರಿಗೆ ತೋರಿಸು. ಮೈಯಲ್ಲಿ ರಕ್ತ ಕಡಿಮೆ ಇದ್ದರೂ ಮೆಟ್ಟಿಲು ಹತ್ತುವಾಗ ಹೀಗಾಗುತ್ತದೆ. ನಮ್ಮ ಕಡೆ ಹುಡುಗಿಯರಲ್ಲಿ ಅದು ಜಾಸ್ತಿ.

ವಾಕಿಂಗ್ ಒಂದೇ ಸಾಕು ಅಂತ ನಾನು ಹೇಳೋದಿಲ್ಲ. ಆಡಿ ಓಡಾಡುವ ವಿದ್ಯಾರ್ಥಿಗಳಲ್ಲಿ ಆತಂಕ, ಬೇಸರ ಕಡಿಮೆ ಅಂತ ಎಷ್ಟೋ ಸಮೀಕ್ಷೆಗಳಲ್ಲಿ ಕಂಡಿದೆ. ಆದರೆ ಮನಸ್ಸು ಕುಗ್ಗಿದವರಿಗೆ ಹಾಸಿಗೆ ಬಿಟ್ಟು ಏಳೋದೇ ಕಷ್ಟ ಅಲ್ವಾ? ಯಾವುದು ಮೊದಲು ಅಂತ ಹೇಗೆ ಹೇಳೋದು? ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ಖಿನ್ನತೆಯಿದ್ದ 156 ಜನರ ಮೇಲೆ ಪ್ರಯೋಗ ಮಾಡಿ 1999ರಲ್ಲಿ ಫಲಿತಾಂಶ ಕೊಟ್ಟರು. 16 ವಾರ ಕಳೆದಾಗ ವ್ಯಾಯಾಮ ಮಾಡಿದವರೂ ಮಾತ್ರೆ ತಗೊಂಡವರೂ ಹೆಚ್ಚುಕಡಿಮೆ ಒಂದೇ ಸಮ ಚೇತರಿಸಿಕೊಂಡಿದ್ದರು. ಮಾತ್ರೆ ಮಾತ್ರ ಬೇಗ ಕೆಲಸ ಶುರು ಮಾಡಿತ್ತು. ಅವರೆಲ್ಲ ನಡುವಯಸ್ಸು ದಾಟಿದವರು, ನಿನ್ನ ಓರಗೆಯವರಲ್ಲ. ಅದಕ್ಕೇ ಯಾರಾದರೂ ಮಾತ್ರೆ ತಗೊಳ್ಳುತ್ತಿದ್ದರೆ, ಇದನ್ನು ಓದಿ ಬಿಡಬೇಡಿ.

ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸು ನಡಿಗೆಯಂಥ ವ್ಯಾಯಾಮ. ನೀನು ದಿನಕ್ಕೆ ಹತ್ತು ನಿಮಿಷದಿಂದ ಶುರು ಮಾಡು. ಬೆಳಗ್ಗೆ ಆರಕ್ಕೇ ನಮ್ಮೂರ ಅಪ್ಪನ ಕೆರೆ ಕಡೆ ಹೊರಡು. ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುವ ಊರು ನಮ್ಮದು, ಎಂಟರ ಮೇಲೆ ನಡೆಯೋದು ಶಿಕ್ಷೆ. ಹಾಸ್ಟೆಲ್ ಗೇಟು ತೆಗೆಯದಿದ್ದರೆ ಮಾಳಿಗೆ ಮೇಲೆ ನಡಿ. (ಗೇಟಿಗೆ ಬೀಗ ಜಡಿದು, ಹುಡುಗಿಯರು ವ್ಯಾಯಾಮ ಮಾಡಲ್ಲ ಅಂತ ದೂರುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಇರಲಿ.)

ನಿದ್ದೆ ಹೀಗೇ ಕೆಟ್ಟರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ ಫೋನ್ ಮಾಡು. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಬದುಕೇ ಬೇಡ ಅನಿಸಿದರೆ ಆ ಗಳಿಗೆಯೇ ಮಾಡು, ಬೆಳಗಾಗಲಿ ಅಂತ ಕಾಯಬೇಡ.

ಆ ಗೆಳತಿಯನ್ನೂ ಸುಮ್ನೆ ಬಿಡಬೇಡ. ಬುದ್ಧಿ ಹೇಳಿದವಳೇ ನಾಳೆ ಆರಕ್ಕೆ ಚಪ್ಪಲಿ ಮೆಟ್ಟಿಕೊಂಡು ನಿನ್ನ ಜೊತೆ ಬರಲಿ.