ವಯಸ್ಸಾದ ಕಿವಿಗೆ ಎಂಥ ಟ್ವೀಟರ್ ಬೇಕು?

ನಿಮ್ಮ ಪ್ರಶ್ನೆ ಇಷ್ಟು: ಅಪ್ಪನಿಗೆ 64 ವರ್ಷ. ತುಮಕೂರಿನ ಮನೆಗೆ ಒಂದು ಜೊತೆ ಸ್ಪೀಕರ್ ಕೊಡಿಸಬೇಕು. ಸಣ್ಣ ಕೀರಲು ಸದ್ದುಗಳು ಅವರಿಗೆ ಕೇಳುವುದಿಲ್ಲ. ಹಾಗಿದ್ದರೆ ಆ ಸದ್ದು ನುಡಿಸುವ ಬಾಕ್ಸ್ ಒಳಗಿನ ಸಣ್ಣ ಸ್ಪೀಕರ್, ಅಂದರೆ ಒಳ್ಳೆ ಟ್ವೀಟರ್‌ಗೆ ದುಡ್ಡು ಹಾಕುವುದು ದಂಡವೇ? ಇಲ್ಲಾ ಆ ಸದ್ದನ್ನು ಎತ್ತಿ ಕೊಡುವ ಇನ್ನೂ ಚುರುಕಾದ ಟ್ವೀಟರ್ ಹುಡುಕಬೇಕೇ?

ದಂಡವೂ ಅಲ್ಲ, ಚುರುಕಾದದ್ದೂ ಬೇಡ. ನಾನು ಇದೇ ಊರಿನವನು, ವಯಸ್ಸು 59. ಜಾತ್ರೆ, ಗುಬ್ಬಿ ಕಡೆಯ ನಾಟಕ, ಮದುವೆ ಅಂತ ಇಪ್ಪತ್ತು ವರ್ಷ ಮೈಕ್ ಸೆಟ್ ಹಾಕಿದವನು. ಹಾರ್ನ್ ಪಕ್ಕದಲ್ಲೇ ನಿಂತು ಕಿವಿಯನ್ನು ವಯಸ್ಸಿಗೆ ಮುಂಚೆಯೇ ಸವೆಸಿಕೊಂಡೆ. ಹೋದ ವರ್ಷ ಅಕ್ಕನ ಮಗ ಮೊಬೈಲಿನಲ್ಲಿ ಸದ್ದಿನ ಹರ್ಟ್ಜ್ (ಸೆಕೆಂಡಿಗೆ ಎಷ್ಟು ಕಂಪನ ಅನ್ನುವ ಲೆಕ್ಕ; ಹೆಚ್ಚಿದಷ್ಟೂ ಸದ್ದು ಕೀರಲು) ಏರಿಸುತ್ತಾ ಹೋದ. 10,000 ದಾಟಿದ ಮೇಲೆ ನನಗೆ ಏನೂ ಇಲ್ಲ. ಅವನು 17,000ದಲ್ಲೂ ಮುಖ ಕಿವುಚುತ್ತಿದ್ದ. ಹಳೆ ಡಬ್ಬಾ ಟಿವಿ ಸಣ್ಣಗೆ ಕುಂಯ್ ಅನ್ನುತ್ತಿತ್ತು, ನೆನಪಿದೆಯಾ? ಅದು 15,625 ಹರ್ಟ್ಜ್. ವಾಲ್ಯೂಮ್ ಸೊನ್ನೆ ಇದ್ದರೂ ಪಕ್ಕದ ಕೋಣೆಯಲ್ಲಿ ಟಿವಿ ಹಾಕಿದ್ದು ನನಗೆ ಗೊತ್ತಾಗುತ್ತಿದ್ದ ಕಾಲವಿತ್ತು.

20ರಿಂದ 20,000 ಹರ್ಟ್ಜ್‌ವರೆಗೆ ಮನುಷ್ಯನಿಗೆ ಕೇಳುತ್ತದೆ ಅನ್ನುತ್ತಾರೆ. ಹಾಗೆ ನೋಡಿದರೆ ನನಗೆ ಅರ್ಧ ಹೋಯಿತು. ಆದರೆ ಸಂಗೀತದ ಲೆಕ್ಕ ಬೇರೆ. ಹರ್ಟ್ಜ್ ದುಪ್ಪಟ್ಟಾದರೆ ಒಂದು ಸ್ಥಾಯಿ. 20ರಿಂದ 20,000ಕ್ಕೆ ಸುಮಾರು ಹತ್ತು ಸ್ಥಾಯಿ, ನಾನು ಕಳೆದುಕೊಂಡದ್ದು ಮೇಲಿನ ಒಂದು. ಪಿಯಾನೋದ ಕಟ್ಟಕಡೆಯ ಮನೆ ಒತ್ತಿದರೂ ಸ್ವರ 4,186 ಹರ್ಟ್ಜ್ ಅಷ್ಟೇ. ಸಾಮಾನ್ಯ ಬಾಕ್ಸ್‌ಗಳಲ್ಲಿ ಟ್ವೀಟರ್ ಕೆಲಸ ಶುರು ಮಾಡುವುದೇ 2,000–3,000 ಹರ್ಟ್ಜ್‌ನಿಂದ. ಅಂದರೆ ಅದರ ದುಡಿಮೆಯ ದೊಡ್ಡ ಪಾಲು ನಿಮ್ಮ ಅಪ್ಪನಿಗೆ ಈಗಲೂ ಕೇಳುವ ಜಾಗದಲ್ಲೇ ಇದೆ. ಅಲ್ಲಿ ಟ್ವೀಟರ್ ಒರಟಾಗಿದ್ದರೆ ಅವರಿಗೂ ಗೊತ್ತಾಗುತ್ತದೆ.

ಇನ್ನು ಚುರುಕಿನ ವಿಷಯ. ನಾನು ಮಾಡಿದ ತಪ್ಪು ಇದೇ. ಅಂಗಡಿಯಲ್ಲಿ ಟ್ರೆಬಲ್, ಅಂದರೆ ಕೀರಲು ಸದ್ದು, ಎದ್ದು ಕಾಣುವ ಒಂದು ಜೋಡಿ ಕೇಳಿದೆ. ತಾಳ, ಗೆಜ್ಜೆ ಎಲ್ಲ ಝಣ್ ಅಂತ ಬಂತು. ಕಿವಿ ವಾಪಸ್ ಬಂತು ಅಂತ ಖುಷಿಯಾಗಿ ತಂದೆ. ಮನೆಯವಳು ಮೊದಲ ದಿನವೇ, "ಏನ್ರೀ ಇದು, ಒಗ್ಗರಣೆ ಸಿಡಿದ ಹಾಗಿದೆ" ಅಂದಳು. ಅವಳಿಗೆ ಕೇಳುತ್ತದೆ, ನನಗೆ ಕೇಳಲ್ಲ, ಅದಕ್ಕೇ ಹೀಗೆ ಅಂದುಕೊಂಡೆ. ತಮಾಷೆ ಏನೆಂದರೆ, ವಾರದೊಳಗೆ ನನಗೇ ತಡೆಯಲಾಗಲಿಲ್ಲ. ವಾಲ್ಯೂಮ್ ಸ್ವಲ್ಪ ಏರಿಸಿದರೆ ಸಾಕು, ನಾಗಸ್ವರ ಕಿವಿಗೆ ಮೊಳೆ ಹೊಡೆದಂತೆ.

ಕಾರಣ ಆಮೇಲೆ ತಿಳಿಯಿತು. ಒಳಕಿವಿಯಲ್ಲಿ ಬಸವನ ಹುಳುವಿನ ಚಿಪ್ಪಿನಂಥ ಒಂದು ಭಾಗವಿದೆ. ಅದರ ಬಾಗಿಲ ಬಳಿಯ ರೋಮಕೋಶಗಳು ಕೀರಲು ಸದ್ದನ್ನು ಹಿಡಿಯುತ್ತವೆ. ಸಾಮಾನ್ಯವಾಗಿ ಮೊದಲು ಸಾಯುವುದೂ ಅವೇ, ಮತ್ತೆ ಬೆಳೆಯುವುದಿಲ್ಲ. ಆಗ ಮೆಲು ಸದ್ದು ಕೇಳುವುದೇ ಇಲ್ಲ, ಆದರೆ ಜೋರು ಸದ್ದು ಮೊದಲಿನಷ್ಟೇ ಜೋರು. ನಡುವಿನ ಅಂತರ ಕಿರಿದಾಗುತ್ತದೆ. ಅಜ್ಜಂದಿರು "ಕೇಳ್ತಿಲ್ಲ, ಜೋರಾಗಿ ಹೇಳು" ಅಂದು, ಜೋರಾಗಿ ಹೇಳಿದರೆ "ಯಾಕೋ ಕಿರುಚ್ತೀಯ" ಅಂತ ಬೈಯುತ್ತಾರಲ್ಲ, ಅದು ಇದೇ.

ಇನ್ನೊಂದು ಮಾತು. ನಿಮ್ಮ ಅಪ್ಪ ದೇವಸ್ಥಾನದ ಗಂಟೆಯನ್ನೂ ಅದೇ ಕಿವಿಯಲ್ಲಿ ಕೇಳುತ್ತಾರೆ. ಅವರಿಗೆ ಗಂಟೆ ಅಂದರೆ ಈಗ ಅದೇ ಸದ್ದು. ಸ್ಪೀಕರ್ ಗಂಟೆಯನ್ನು ಇದ್ದ ಹಾಗೇ ನುಡಿಸಿದರೆ ಅದು ಅವರಿಗೆ ಗಂಟೆಯ ಹಾಗೇ ಕೇಳುತ್ತದೆ. ಅತಿಯಾಗಿ ಮಿನುಗಿಸಿದರೆ ಸುಳ್ಳು ಅನಿಸುತ್ತದೆ. ಹಾಗಂತ ಟ್ರೆಬಲ್ ಒಂದೆರಡು ಗೆರೆ ಏರಿಸಿಕೊಂಡರೆ ತಪ್ಪಿಲ್ಲ, ನಾನೂ ಏರಿಸುತ್ತೇನೆ. ಅದಕ್ಕೆ ತಿರುಪು ಇದೆ, ಮನೆಯವಳು ಬಂದಾಗ ಇಳಿಸಬಹುದು. ಟ್ವೀಟರನ್ನು ಹಾಗೆ ಇಳಿಸಲಾಗುತ್ತದಾ?

ಹಾಡಿನ ಮಾತುಗಳೇ ತಿಳಿಯುತ್ತಿಲ್ಲ, ಸ ಮತ್ತು ಶ ಕಲಸಿಹೋಗುತ್ತಿವೆ ಅಂದರೆ ಮಾತ್ರ ಅದು ಸ್ಪೀಕರ್ ಅಂಗಡಿಯ ಕೆಲಸವಲ್ಲ. ಮೊದಲು ಕಿವಿ ಪರೀಕ್ಷೆ ಮಾಡಿಸಿ. ಅಲ್ಲಿ ಸಾಮಾನ್ಯವಾಗಿ 8,000 ಹರ್ಟ್ಜ್‌ವರೆಗೆ ನೋಡುತ್ತಾರೆ, ಮಾತಿಗೆ ಬೇಕಾದ್ದು ಅದರಲ್ಲೇ ಬರುತ್ತದೆ.

ಹೊಸದು ಕೊಳ್ಳುವ ಮುಂಚೆ ಒಂದು ನೋಡಿ: ಈಗಿನ ಬಾಕ್ಸ್ ಎಲ್ಲಿದೆ? ನಾನು ನೋಡಿದ ಹತ್ತು ಮನೆಗಳಲ್ಲಿ ಆರರಲ್ಲಿ ಬೀರು ಮೇಲೆ. ಕೀರಲು ಸದ್ದು ಟಾರ್ಚ್ ಬೆಳಕಿನ ಹಾಗೆ ನೇರ ಹೋಗುತ್ತದೆ. ಟ್ವೀಟರ್ ಸೂರು ನೋಡುತ್ತಿದ್ದರೆ ಕುರ್ಚಿಯಲ್ಲಿ ಕೂತವರಿಗೆ ಮಂದ ಕೇಳುವುದು ಸಹಜ. ಕಿವಿಯ ಎತ್ತರಕ್ಕೆ ಇಳಿಸಿ, ಅವರ ಕಡೆ ತಿರುಗಿಸಿ. ಅದಕ್ಕೂ ಸಮಾಧಾನ ಆಗದಿದ್ದರೆ ಅಪ್ಪನನ್ನೇ ಅಂಗಡಿಗೆ ಕರೆದುಕೊಂಡು ಹೋಗಿ. ಅವರಿಗೆ ಬಾಯಿಪಾಠ ಇರುವ ಹಾಡನ್ನೇ ಹಾಕಿಸಿ, ಮನೆಯಲ್ಲಿ ಕೇಳುವಷ್ಟೇ ಸದ್ದಿನಲ್ಲಿ, ಅರ್ಧ ಗಂಟೆ. ಐದು ನಿಮಿಷ ಕೇಳಿ ತಂದವನು ನಾನು. ಆ ಜೋಡಿ ಈಗ ಅಕ್ಕನ ಮಗನ ರೂಮಿನಲ್ಲಿದೆ.